ಮೊದಲನೇ ಲೇನ್ ಖಾಲಿ ಇರಬೇಕು

ಸರ್ ನಿವೃತ್ತರಾಗುತ್ತಿದ್ದಾರೆ, ನೆನಪಿನ ಸಂಚಿಕೆ ತರುತ್ತಿದ್ದೇವೆ, ನೀವೂ ಒಂದು ಪುಟ ಬರೆದುಕೊಡಿ ಎಂದು ಹೈದರಾಬಾದಿನ ತಾರ್ನಾಕದ ನಮ್ಮ ಹಳೆಯ ಪ್ರಯೋಗಾಲಯದಿಂದ ಫೋನು ಬಂದಿತ್ತು. ಮಾದರಿಗೆಂದು ಬೇರೆಯವರು ಬರೆದದ್ದನ್ನೂ ಕಳಿಸಿದ್ದರು. ಒಬ್ಬ ಹಳೆಯ ವಿದ್ಯಾರ್ಥಿ ಸರ್ ತನಗೆ ತಂದೆಯ ಸಮಾನ ಎಂದಿದ್ದ. ಇನ್ನೊಬ್ಬಳು ದೀಪ, ದಾರಿ, ಆಲದ ಮರ ಎಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕಿದ್ದಳು. ಈ ಇಬ್ಬರನ್ನೂ ಸರ್ ಬೈದು ಅಳಿಸಿದ್ದನ್ನು ನಾನು ಕಣ್ಣಾರೆ ಕಂಡವಳು. ಆಗಲಿ, ಬರೆಯುತ್ತೇನೆ ಎಂದೆ, ಬರೆಯಲಿಲ್ಲ. ಸಮಾರಂಭ ಮುಗಿಯಿತು, ಸಂಚಿಕೆ ಅಚ್ಚಾಗಿ ಅಂಚೆಯಲ್ಲಿ ಬಂತು. ಅದರ ಮುಖಪುಟದ ಫೋಟೊ ನೋಡಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಇದು ಅವರಿಗೆ ಕೊಡದೇ ಉಳಿದ ಪುಟ.

ಸರ್ ರಾಯಚೂರು ಕಡೆಯವರು. ಕುಳ್ಳಗಿನ ಬಿಗಿ ಮೈ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮೊಣಕೈವರೆಗೆ ಮಡಿಚಿದ ಅಂಗಿ. ರಬ್ಬರ್ ತಳದ ಚಪ್ಪಲಿ ಹಾಕುತ್ತಿದ್ದರಿಂದ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಬೆನ್ನ ಹಿಂದೆ ಬಂದು ನಿಂತು ಮೊದಲು ನಮ್ಮ ಐಸ್ ಡಬ್ಬಿಗೆ ಬೆರಳಿಟ್ಟು ನೋಡುವರು. ಐಸ್ ಕರಗಿ ನೀರಾಗಿದ್ದರೆ ಅದರಲ್ಲಿಟ್ಟಿದ್ದ ಟ್ಯೂಬುಗಳನ್ನೆಲ್ಲ ಬಿಚ್ಚಿ ಸಿಂಕಿಗೆ ಸುರಿದು ಹೊರಟುಬಿಡುವರು. ಬೆಳಗಿನಿಂದ ಮಾಡಿದ ಕೆಲಸ ನಲ್ಲಿಯ ನೀರಿನ ಜೊತೆ ಹರಿದುಹೋಗುತ್ತಿತ್ತು.

ಅವರು ಮಾಡುತ್ತಿದ್ದುದಕ್ಕೆ ಪ್ರತಿಸಲವೂ ಒಂದು ಕಾರಣ ಇರುತ್ತಿತ್ತು. ಅವರನ್ನು ದ್ವೇಷಿಸಲು ನಮಗೆ ಕಷ್ಟವಾಗುತ್ತಿದ್ದುದು ಇದರಿಂದಲೇ. ನಮ್ಮದು ಟಿ ಕೋಶಗಳ ಕೆಲಸ. ಮೈಗೆ ರೋಗಾಣು ನುಗ್ಗಿದಾಗ ಎದ್ದು ಹೋರಾಡುವ ಬಿಳಿ ರಕ್ತಕಣಗಳಲ್ಲಿ ಅವೂ ಒಂದು ಬಗೆ. ಕೋಶದ ಹೊರಮೈಗೆ ಶತ್ರು ತಗಲಿದ ಸುದ್ದಿ ಒಳಗೆ ತಲುಪುವುದು ಪ್ರೋಟೀನಿನಿಂದ ಪ್ರೋಟೀನಿಗೆ. ಒಂದು ಕಿಣ್ವ ಬಂದು ಪ್ರೋಟೀನಿನ ಮೇಲೆ ಫಾಸ್ಫೇಟು ಅಂಟಿಸುತ್ತದೆ, ಅದು ಎಚ್ಚೆತ್ತು ಮುಂದಿನದನ್ನು ಎಬ್ಬಿಸುತ್ತದೆ. ಇನ್ನೊಂದು ಕಿಣ್ವ ಬಂದು ಆ ಫಾಸ್ಫೇಟನ್ನು ಕಿತ್ತರೆ ಎಲ್ಲ ಮತ್ತೆ ಮಲಗುತ್ತವೆ. ನಾವು ಕೋಶವನ್ನು ಒಡೆದ ಮೇಲೂ ಈ ಕೀಳುವ ಕಿಣ್ವ ಟ್ಯೂಬಿನೊಳಗೆ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಐಸಿನಷ್ಟು ತಣ್ಣಗಿಟ್ಟು, ಮೇಲೆ ಅದನ್ನು ತಡೆಯುವ ಮದ್ದನ್ನೂ ಹಾಕದಿದ್ದರೆ ನೋಡಬೇಕಾದ ಗುರುತೆಲ್ಲ ಅಳಿಸಿಹೋಗಿರುತ್ತದೆ. ಅಂಥ ಟ್ಯೂಬು ಸಿಂಕಿಗೆ ಹೋಗಬೇಕಾದದ್ದೇ.

ಇದನ್ನು ಅವರು ಹೊಸಬರಿಗೆ ಇಂಗ್ಲಿಷಿನಲ್ಲಿ, ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದರು. ನಾನು ಒಂದು ಸಲ ತಪ್ಪು ಉತ್ತರ ಕೊಟ್ಟಿದ್ದರಿಂದ, ಕಲಬುರಗಿಯವಳಾದ ನನಗೆ ಕನ್ನಡದಲ್ಲಿ ಹೇಳಿದರು.

"ಹಚ್ಚೋರು ಇರಬೇಕು, ಒರಸೋರೂ ಇರಬೇಕು ತಾಯಿ. ಹಚ್ಚೋರು ಇಲ್ಲಂದ್ರ ನೆಗಡಿ ಬಂದ್ರೂ ಸಾಯ್ತೀದಿ. ಒರಸೋರು ಇಲ್ಲಂದ್ರ ನಿನ್ನ ಮೈನ ನೀನ ತಿಂತೀದಿ. ಇಷ್ಟ ಐತಿ ಇದರಾಗ. ಇದೂ ತಲಿಗೆ ಹೋಗಲಿಲ್ಲಂದ್ರ ಕಲಬುರಗಿ ಬಸ್ಸು ಹತ್ತು."

ಕನ್ನಡ ಅವರಿಗೆ ಬೈಯುವ ಭಾಷೆ. ಹೊಗಳುವುದು, ಪಾಠ ಹೇಳುವುದು, ರಜೆ ಕೊಡುವುದು ಎಲ್ಲ ಇಂಗ್ಲಿಷಿನಲ್ಲಿ. ತರಕಾರಿಯವನ ಜೊತೆ ದಖ್ಖನಿ ಉರ್ದು, ಆಟೋದವನ ಜೊತೆ ತೆಲುಗು. ಪ್ರಯೋಗಾಲಯದಲ್ಲಿ ಕನ್ನಡದವರು ಇಬ್ಬರೇ, ನಾನು ಮತ್ತು ಆಮೇಲೆ ಬಂದ ನೇತ್ರಾ. ಹೀಗಾಗಿ ಅವರ ಕನ್ನಡವೆಲ್ಲ ನಮ್ಮಿಬ್ಬರ ಪಾಲಿಗೇ ಬಂತು. "ನಿನ್ನ ಕೈಯಾಗ ಕೋಶ ಸಾಯೂದಿಲ್ಲವಾ, ಜಿಗುಪ್ಸೆ ಬಂದು ತಾವ ಉರುಲು ಹಾಕ್ಕೋತಾವ" ಎಂದು ನನಗೆ ಹೇಳಿದಾಗ ಅಳು ಬರುವ ಮೊದಲು ನಗು ಬಂದಿತ್ತು. ಬಯ್ಗಳದಲ್ಲಿ ಅಷ್ಟು ಚೆಂದದ ಕನ್ನಡ ನಾನು ಬೇರೆ ಎಲ್ಲಿಯೂ ಕೇಳಿಲ್ಲ. ಪಕ್ಕದ ಮೇಜಿನ ತೆಲುಗು ಹುಡುಗಿಗೆ ಇದೊಂದೂ ಅರ್ಥವಾಗದೆ ಹೊಟ್ಟೆಕಿಚ್ಚು. "ಮೀ ಊರಾಯನ ಕದಾ, ಮೀತೋ ಎಂತ ಪ್ರೇಮಗಾ ಮಾಟ್ಲಾಡ್ತಾರೋ" ಎನ್ನುತ್ತಿದ್ದಳು. ನಮ್ಮೂರಿನವರು, ನಮ್ಮ ಜೊತೆ ಎಷ್ಟು ಪ್ರೀತಿಯಿಂದ ಮಾತಾಡುತ್ತಾರೆ ಅಂತ!

ಒಂದು ಭಾನುವಾರ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ನಡುವೆ ಅವರನ್ನು ಕಂಡೆ. ಕುಕ್ಕುರುಗಾಲಲ್ಲಿ ಕೂತು ಪುಸ್ತಕದವನ ಜೊತೆ ದಖ್ಖನಿಯಲ್ಲಿ ಏನೋ ಹಾಸ್ಯ ಮಾಡುತ್ತ ಜೋರಾಗಿ ನಗುತ್ತಿದ್ದರು. ನಾನು ಎದುರಿಗೆ ಹೋಗಿ ನಮಸ್ಕಾರ ಸರ್ ಎಂದೆ. ಯಾರೋ ದಾರಿಯಲ್ಲಿ ಹೋಗುವವಳು ಎಂಬಂತೆ ತಲೆಯಾಡಿಸಿ ಮತ್ತೆ ಪುಸ್ತಕಕ್ಕೆ ತಿರುಗಿದರು. ಆಗ ನಾನು ಅವರ ಕೈಕೆಳಗೆ ವರ್ಷಗಟ್ಟಲೆ ದುಡಿದಿದ್ದೆ. ಮರುದಿನ ಕೇಳಿದರೆ ಅವರಿಗೆ ಏನೂ ಅನ್ನಿಸಲಿಲ್ಲ. "ನಾ ಮಾರಿ ನೋಡೂದಿಲ್ಲ, ಫಿಲ್ಮ್ ನೋಡ್ತೀನಿ. ನಿನ್ನ ಫಿಲ್ಮ್ ತಂದಿದ್ರ ಗುರ್ತು ಹಿಡೀತಿದ್ದೆ" ಎಂದರು.

ಫಿಲ್ಮ್ ಎಂದರೆ ನಮ್ಮ ಕೆಲಸದ ಕೊನೆಗೆ ಕೈಗೆ ಬರುವ ಎಕ್ಸ್-ರೇ ಹಾಳೆ. ಕೋಶದ ಪ್ರೋಟೀನುಗಳನ್ನು ಉದ್ದುದ್ದ ಲೇನ್‌ಗಳಲ್ಲಿ ಓಡಿಸಿ, ಫಾಸ್ಫೇಟು ಅಂಟಿಕೊಂಡ ಪ್ರೋಟೀನನ್ನು ಮಾತ್ರ ಹಿಡಿಯುವ ಮದ್ದು ಹಚ್ಚಿದರೆ ಅದಿರುವ ಜಾಗದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಮೊದಲನೇ ಲೇನಿನಲ್ಲಿ ಸುಮ್ಮನೆ ಬಿಟ್ಟ ಕೋಶ, ಎರಡನೆಯದರಲ್ಲಿ ನಾವು ಕೆಣಕಿ ಎಬ್ಬಿಸಿದ ಕೋಶ. ಎರಡನೆಯದರಲ್ಲಿ ಪಟ್ಟಿ ಬರಬೇಕು, ಮೊದಲನೆಯದು ಖಾಲಿ ಇರಬೇಕು. ದಿನಾ ಬೆಳಿಗ್ಗೆ ಸರ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದುದು ಒಂದೇ ಮಾತು. "ಬಂತೇನು?" ಬಂತು ಎಂದರೆ ಮುಂದಿನ ಮಾತೂ ಒಂದೇ. "ಎಬ್ಬಿಸಿದ್ರ ಯಾರ ಕೈಯಾಗರ ಬರ್ತೈತಿ. ಮೊದಲನೇ ಲೇನ್ ಖಾಲಿ ತೋರಸು."

ಈ ಖಾಲಿ ಲೇನಿಗಾಗಿ ಅವರು ಮಾಡಿದ್ದ ಒಂದು ಪದ್ಧತಿ ಬೇರೆ ಎಲ್ಲಿಯೂ ಇದ್ದದ್ದು ನನಗೆ ಗೊತ್ತಿಲ್ಲ. ಅವರವರ ಪ್ರಯೋಗಕ್ಕೆ ಅವರವರದೇ ರಕ್ತ. "ಮಂದಿ ರಕ್ತ ಕೆಡಸಾಕ ನಿಮಗೇನು ಹಕ್ಕೈತಿ?" ಎನ್ನುವರು. ಸೋಮವಾರ ಬೆಳಿಗ್ಗೆ ಯಾರ ಪ್ರಯೋಗವೋ ಅವರು ಕಾರಿಡಾರಿನ ತುದಿಯ ಸ್ಟೂಲಿನ ಮೇಲೆ ಸುಮ್ಮನೆ ಕೂರಬೇಕು. ಚಹಾ ಇಲ್ಲ, ಫೋನಿಲ್ಲ, ಮಾತಿಲ್ಲ. ಶಾಂತ ಮನುಷ್ಯನ ರಕ್ತದಲ್ಲಿ ಮಾತ್ರ ಶಾಂತ ಕೋಶ ಸಿಗುತ್ತದೆ ಎನ್ನುವುದು ಅವರ ನಂಬಿಕೆ. ಅದು ನಿಜವೋ ಸುಳ್ಳೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ವಾರವಿಡೀ ನಮ್ಮ ನೆಮ್ಮದಿ ಕೆಡಿಸಿದ ಮನುಷ್ಯನಿಗೆ ಸೋಮವಾರ ನಮ್ಮ ನೆಮ್ಮದಿಯ ರಕ್ತ ಬೇಕಾಗಿತ್ತು. ಈ ನಿಯಮವನ್ನು ತಮಗಾಗಿಯೂ ಸಡಿಲಿಸಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಹೆಂಡತಿಗೆ ದೊಡ್ಡ ಆಪರೇಷನ್ ಆದ ಸೋಮವಾರವೂ ಅವರು ಬಂದು ಆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತರು, ತೋಳು ಚಾಚಿ ರಕ್ತ ಕೊಟ್ಟರು, ಪ್ರಯೋಗ ಮುಗಿಸಿಕೊಂಡೇ ಆಸ್ಪತ್ರೆಗೆ ಹೋದರು. ಅವತ್ತಿನ ಅವರ ಫಿಲ್ಮನ್ನು ನಾನೇ ತೊಳೆದದ್ದು. ಮೊದಲನೇ ಲೇನ್ ಅಚ್ಚುಕಟ್ಟಾಗಿ ಖಾಲಿ ಇತ್ತು.

ನೇತ್ರಾಳದು ಖಾಲಿ ಬರುತ್ತಿರಲಿಲ್ಲ. ಅವಳ ಅಪ್ಪ ಊರಾಚೆಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುವವರು, ಮೂಲತಃ ಯಾದಗಿರಿ ಕಡೆಯವರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ಹುಡುಗಿ, ಮನೆಯಿಂದ ಡಾಕ್ಟರೇಟಿಗೆ ಬಂದ ಮೊದಲನೆಯವಳು. ತಾರ್ನಾಕದಲ್ಲಿ ನನ್ನ ಕೋಣೆಯಲ್ಲೇ ಇದ್ದಳು. ಕೆಲಸದಲ್ಲಿ ನನಗಿಂತ ಅಚ್ಚುಕಟ್ಟು. ಆದರೂ ಸುಮ್ಮನೆ ಬಿಟ್ಟ ಅವಳ ಕೋಶಗಳಲ್ಲಿ ಕಪ್ಪು ಪಟ್ಟಿ ಮೂಡಿಯೇ ಮೂಡುತ್ತಿತ್ತು. ಮೊದಲನೇ ಲೇನ್ ಖಾಲಿಯಾಗುವವರೆಗೆ ಮುಂದಿನ ಕೆಲಸ ಕೊಡುವುದಿಲ್ಲ ಎಂದು ಸರ್ ಪಟ್ಟು ಹಿಡಿದರು. ಅವಳ ಜೊತೆ ಸೇರಿದವರು ಪ್ರಬಂಧ ಬರೆಯಲು ಕೂತರು, ಇವಳು ಮೊದಲನೇ ಲೇನಿನಲ್ಲೇ ಉಳಿದಳು.

ಶುಕ್ರವಾರದ ಸಭೆಯಲ್ಲಿ ಸರ್ ಅವಳ ಫಿಲ್ಮನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುವರು. ಅವಳು ಪಕ್ಕದಲ್ಲಿ ನಿಲ್ಲಬೇಕು. ಎಲ್ಲರೂ ನೋಡಿಯಾದ ಮೇಲೂ ತೆಗೆಯುತ್ತಿರಲಿಲ್ಲ. ಬೇರೆಯವರ ವಿಷಯ ಚರ್ಚೆಯಾಗುವಾಗಲೂ ಅದು ಗೋಡೆಯ ಮೇಲೆ, ಅವಳು ಅದರ ಪಕ್ಕದಲ್ಲಿ.

"ಕೈ ನೋಡ್ಕೊ ತಾಯಿ. ಇಂಥಾ ಕೈ ಇಟ್ಕೊಂಡು ನಮ್ಮನ್ಯಾಗ ಮಸರನ್ನೂ ಹೆಪ್ಪ ಹಾಕಾಕ ಬಿಡೂದಿಲ್ಲ. ನಿಮ್ಮಪ್ಪ ಲೇತ್ ಮ್ಯಾಲ ಕಬ್ಬಿಣಾನ ಕೂದಲಿನಷ್ಟು ಸಣ್ಣ ಕೊರೀತಾನಂತ, ನಿನಗ ಅದೂ ಬರಲಿಲ್ಲೇನು?"

ಎಲ್ಲರೂ ನಗುತ್ತಿದ್ದರು. ಅರ್ಥವಾಗದವರು ಹೆಚ್ಚು ನಗುತ್ತಿದ್ದರು.

ನೇತ್ರಾ ಸೊರಗಿದಳು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಬರುತ್ತಿರಲಿಲ್ಲ, ಬಾಚಣಿಗೆ ತುಂಬ ಕೂದಲು, ಬಿಸಿಲಿಗೆ ಹೋದರೆ ಎರಡೂ ಕೆನ್ನೆ ಕೆಂಪಗೆ. ಹೈದರಾಬಾದಿನ ಬಿಸಿಲು, ಸರ್ ಕಾಟ ಎಂದುಕೊಂಡೆವು. "ಅಕ್ಕಾ, ನನ್ನ ಕೈನ ಸರಿ ಇಲ್ಲ ಬಿಡು, ಅವ್ರು ಹೇಳೂದು ಖರೇನ ಐತಿ" ಎಂದು ಅವಳು ಅಂದ ದಿನ ನನಗೆ ತಲೆ ಕೆಟ್ಟಿತು. ಸರ್ ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ನಿಯಮ ಮುರಿದು ರಕ್ತ ಅದಲುಬದಲು ಮಾಡಿದೆವು. ನನ್ನ ರಕ್ತ ಅವಳ ಕೈಗೆ, ಅವಳ ರಕ್ತ ನನ್ನ ಕೈಗೆ. ಅವಳು ಮಾಡಿದ ನನ್ನ ರಕ್ತದ ಮೊದಲನೇ ಲೇನ್ ಹಾಲಿನಂತೆ ಬೆಳ್ಳಗೆ ಬಂತು. ನಾನು ಮಾಡಿದ ಅವಳ ರಕ್ತದ ಲೇನಿನಲ್ಲಿ ಅದೇ ಕಪ್ಪು ಪಟ್ಟಿ.

ಕೈ ಸರಿಯಾಗಿಯೇ ಇತ್ತು. ಅವಳ ಮೈಯಲ್ಲೇ ಟಿ ಕೋಶಗಳು ಯಾರೂ ಕೆಣಕದೆ ಎಚ್ಚೆತ್ತು ಕೂತಿದ್ದವು. ಎಲ್ಲರೂ ತಮ್ಮ ತಮ್ಮ ರಕ್ತವನ್ನೇ ಬಳಸಬೇಕೆಂಬ ಹಟದಿಂದಾಗಿ ಇಷ್ಟು ಕಾಲ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಕೆನ್ನೆ, ಬೆರಳು, ರಕ್ತ, ಮೂತ್ರ ಎಲ್ಲ ನೋಡಿ ಲೂಪಸ್ ಎಂದರು. ಮೈಯನ್ನು ಮೈಯೇ ತಿನ್ನುವ ರೋಗ. ಮೂತ್ರಪಿಂಡಕ್ಕೆ ಇನ್ನೂ ಹೆಚ್ಚು ತಗಲಿಲ್ಲ, ಇವತ್ತೇ ಸ್ಟೀರಾಯ್ಡ್ ಸುರು ಮಾಡಿ ಎಂದು ಚೀಟಿ ಬರೆದರು.

ಅವತ್ತೇ ಸರ್ ಸಮ್ಮೇಳನದಿಂದ ಬಂದ ಮೇಲೆ ಫಿಲ್ಮುಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ಮೇಜಿನ ಮೇಲಿಟ್ಟೆವು. ಕ್ಷಮೆ ಕೇಳುತ್ತಾರೆಂದು ನಾನು ನಿರೀಕ್ಷಿಸಿದ್ದೆ. ಆ ವಯಸ್ಸಿಗೆ ಅಷ್ಟು ದಡ್ಡತನ ಇರುತ್ತದೆ. ಅವರು ಚೀಟಿಯನ್ನು ಮುಟ್ಟಲಿಲ್ಲ. ಫಿಲ್ಮುಗಳನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಿರುಗಿದಾಗ ಮುಖ ಅರಳಿತ್ತು.

"ಶಾಬ್ಬಾಸ್! ಒರಸೋ ಕಿಣ್ವಾನ ಕೈಕೊಟ್ಟೈತಿ ಇದರಾಗ. ಔಷಧ ಸುರು ಮಾಡೀಯೇನು?"

"ಇವತ್ತು ಸುರು ಮಾಡಬೇಕಂದಾರ ಸರ್" ಎಂದಳು ನೇತ್ರಾ.

"ಮಾಡಬ್ಯಾಡ. ಸ್ಟೀರಾಯ್ಡ್ ಬಿತ್ತಂದ್ರ ಎಲ್ಲಾ ಸಿಗ್ನಲ್ ಸತ್ತು ಹೋಗ್ತೈತಿ. ಔಷಧ ಮುಟ್ಟಲಾರದ ಇಂಥಾ ರಕ್ತ ನನಗೆಲ್ಲಿ ಸಿಗಬೇಕು? ನಾಕು ದಿನ ತಡಕೊ. ನಿನ್ನ ಡಿಗ್ರೀ ಇದರಾಗ ಐತಿ."

"ಸರ್, ಅಕಿಗೆ ಔಷಧ ಬೇಕ ಬೇಕು" ಎಂದೆ. "ನೀ ಡಾಕ್ಟರೇನು?" ಎಂದರು. ನಾನು ಬಾಯಿ ಮುಚ್ಚಲಿಲ್ಲ, ಚೀಟಿ ತೆಗೆದು ಅವರ ಮುಂದೆ ಗಟ್ಟಿಯಾಗಿ ಓದಿದೆ. ಅವರು ಫಿಲ್ಮ್ ನೋಡುತ್ತಲೇ ಇದ್ದರು.

ನೇತ್ರಾ ಮಾತ್ರೆ ತೆಗೆದುಕೊಳ್ಳಲಿಲ್ಲ. ಕೋಣೆಯಲ್ಲಿ ಎಷ್ಟು ಜಗಳಾಡಿದರೂ ಅವಳದು ಒಂದೇ ಮಾತು. "ಅಕ್ಕಾ, ಇಷ್ಟ ವರ್ಷದಾಗ ಅವ್ರು ನನಗ ಶಾಬ್ಬಾಸ್ ಅಂದಿದ್ದು ಇದ ಮೊದಲು." ಅವಳ ಕಣ್ಣಲ್ಲಿ ಖುಷಿ ಇತ್ತು.

ಅವಳ ಅಪ್ಪನಿಗೆ ಫೋನು ಮಾಡಿದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳಿಗೆ ಔಷಧ ಕೊಡಿಸಿಯೇ ತೀರಬೇಕೆಂದು ಸಿಟ್ಟಿನಲ್ಲೇ ಬಂದರು. ಸರ್ ಎದ್ದು ಬಂದು ಬಾಗಿಲಲ್ಲಿ ಅವರ ಎರಡೂ ಕೈ ಹಿಡಿದುಕೊಂಡರು. ನಾನು ಹೊರಗೆ ನಿಂತಿದ್ದೆ. ಆ ಬಾಯಿಂದ ಸಿಹಿಯಾದ ಕನ್ನಡ ಕೇಳಿದ್ದು ಅವತ್ತೇ ಮೊದಲು.

"ಬರ್ರಿ ಕಾಕಾ, ಕುಂದರ್ರಿ. ಚಾ ತಗೋರಿ. ಮಗಳನ್ನ ಹೆತ್ತಿಲ್ಲ ನೀವು, ಬಂಗಾರ ಹೆತ್ತೀರಿ."

"ಔಷಧದ ವಿಚಾರ ಇತ್ತ್ರೀ ಸಾಹೇಬ್ರ..."

"ಔಷಧ ಯಾರು ಬ್ಯಾಡಂದಾರ್ರಿ? ಕೊಡೂಣಂತ. ಈಗ ಸುರು ಮಾಡಿದ್ರ ಇಕಿ ಪಟ್ಟ ಕಷ್ಟೆಲ್ಲಾ ನೀರಾಗ ಹೋಮಾ ಮಾಡಿದಂಗ ಆಗ್ತೈತಿ. ನಾ ಇಲ್ಲೇನ್ರಿ? ನನ್ನ ಮಗಳಿದ್ದಂಗ ಅಕಿ."

ಹೊರಗೆ ಬಂದಾಗ ಆ ಮನುಷ್ಯನ ಕಣ್ಣು ಒದ್ದೆಯಾಗಿದ್ದವು. "ದೇವರಂಥಾ ಮನಷ್ಯಾರ ಅದಾರವಾ. ನೀ ಸುಮ್ನ ಹೆದರೀದಿ. ಸ್ವಲ್ಪ ದಿನ ಅಷ್ಟ ಅಂತ" ಎಂದು ನನಗೇ ಸಮಾಧಾನ ಹೇಳಿ ಬಸ್ ಹತ್ತಿದರು.

ಆ ಸ್ವಲ್ಪ ದಿನ ಬೇಸಿಗೆಯನ್ನು ದಾಟಿತು, ಮಳೆಗಾಲವನ್ನೂ ದಾಟಿತು. ಸೋಮವಾರವಷ್ಟೇ ಇದ್ದ ಸ್ಟೂಲು ಅವಳಿಗೆ ಬೇರೆ ದಿನಗಳಲ್ಲೂ ಬಂತು. ಸರ್ ತಾವೇ ಪಕ್ಕದಲ್ಲಿ ನಿಂತು ತೋಳಿಗೆ ರಬ್ಬರ್ ಪಟ್ಟಿ ಕಟ್ಟುವರು, "ನೋವಾತೇನವಾ?" ಎಂದು ಕೇಳುವರು. ಬೈಯುವುದನ್ನು ಪೂರ್ತಿ ನಿಲ್ಲಿಸಿದ್ದರು. ಅವಳ ಕಾಲು ಊದಿಕೊಂಡವು, ಚಪ್ಪಲಿ ಹಿಡಿಸದಾಯಿತು. ಕೊನೆಗೆ ಒಂದು ದಿನ ಅದೇ ಸ್ಟೂಲಿನ ಮೇಲೆ ಎಚ್ಚರ ತಪ್ಪಿ ಬಿದ್ದಳು. ಆಸ್ಪತ್ರೆಯಲ್ಲಿ ಅದೇ ಡಾಕ್ಟರು ನನ್ನನ್ನು ನೋಡಿ, ನಾನು ಬರೆದುಕೊಟ್ಟಿದ್ದು ಏನಾಯಿತು ಎಂದು ಕೇಳಿದರು. ಎರಡೂ ಮೂತ್ರಪಿಂಡ ಕೆಟ್ಟಿದ್ದವು.

ಸರ್ ಒಂದು ಸಲವೂ ನೋಡಲು ಬರಲಿಲ್ಲ. ಬೇಕಾದಷ್ಟು ರಕ್ತ ಅಷ್ಟರಲ್ಲಿ ಸಿಕ್ಕಿತ್ತು. ಲೇಖನ ದೊಡ್ಡ ಪತ್ರಿಕೆಯಲ್ಲಿ ಬಂತು, ಅದರಲ್ಲಿ ನೇತ್ರಾಳ ಹೆಸರಿರಲಿಲ್ಲ. ರಕ್ತ ಕೊಟ್ಟ ರೋಗಿಯೇ ಲೇಖಕಿಯಾದರೆ ಪ್ರಶ್ನೆ ಏಳುತ್ತದೆ ಎಂದರಂತೆ. ಜೀವನಪೂರ್ತಿ ನಮ್ಮೆಲ್ಲರ ರಕ್ತದಲ್ಲೇ ಲೇಖನ ಬರೆದ ಮನುಷ್ಯ! ಅವಳ ಡಿಗ್ರೀ ಮುಗಿಯಲೇ ಇಲ್ಲ. ಈಗ ಅಪ್ಪನ ಮನೆಯಲ್ಲಿ ಕಾರ್ಖಾನೆಯವರ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಾಳೆ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ. ನಾನು ಇದೇ ಊರಿನ ಕೊಂಡಾಪುರದ ಒಂದು ಕಂಪನಿಯಲ್ಲಿದ್ದೇನೆ. ರಕ್ತ ಮುಟ್ಟುವ ಕೆಲಸ ಬಿಟ್ಟಿದ್ದೇನೆ.

ಬೀಳ್ಕೊಡುಗೆಗೆ ಹೋಗೋಣ ಎಂದವಳು ನೇತ್ರಾಳೇ. ನನಗೆ ಮನಸ್ಸಿರಲಿಲ್ಲ. "ನನ್ನ ಗುರ್ತು ಹಿಡೀತಾರೇನು ನೋಡಬೇಕು ಅಕ್ಕಾ. ಅಷ್ಟ ಸಾಕು ನನಗ" ಎಂದಳು. ಸ್ಟೀರಾಯ್ಡಿನಿಂದ ಅವಳ ಮುಖ ಈಗ ದುಂಡಗೆ ಊದಿದೆ, ಕೂದಲು ತೆಳ್ಳಗಾಗಿದೆ. ಸಭಾಂಗಣದಲ್ಲಿ ಹಳಬರು ಯಾರೂ ಅವಳನ್ನು ಗುರುತಿಸಲಿಲ್ಲ. ಸರ್ ಶಾಲು ಹೊದ್ದು ಭಾಷಣ ಮಾಡಿದರು. ಕೊನೆಗೆ ಗೋಡೆಯ ಮೇಲೆ ಒಂದು ಫಿಲ್ಮ್ ತೋರಿಸಿ, ಇದು ನನ್ನ ವೃತ್ತಿಯ ಅತ್ಯಂತ ಸುಂದರ ಚಿತ್ರ, ಇಂಥ ರಕ್ತ ಮತ್ತೆ ಸಿಗಲಿಲ್ಲ ಎಂದರು. ಮೊದಲನೇ ಲೇನಿನಲ್ಲಿ ಕಪ್ಪು ಪಟ್ಟಿ. ಜನ ಚಪ್ಪಾಳೆ ತಟ್ಟಿದರು. ನೇತ್ರಾ ನನ್ನ ಪಕ್ಕದಲ್ಲಿ ಕೂತು ಗೋಡೆಯನ್ನೇ ನೋಡುತ್ತಿದ್ದಳು.

ಫೋಟೊಗೆ ಜನ ಸಾಲುಗಟ್ಟಿದರು. ನಮ್ಮ ಸರದಿ ಬಂದಾಗ ಸರ್ ಅವಳ ಮುಖ ನೋಡಿ ನಕ್ಕು, ಇಂಗ್ಲಿಷಿನಲ್ಲಿ ಯಾವ ಬ್ಯಾಚ್ ಎಂದು ಕೇಳಿದರು.

"ಮೊದಲನೇ ಲೇನ್ ಸರ್" ಎಂದಳು ನೇತ್ರಾ, ಕನ್ನಡದಲ್ಲಿ.

ಅವರ ನಗು ನಿಂತಿತು. ಮತ್ತೆ ಮುಖ ನೋಡಲಿಲ್ಲ. ಅವಳ ತೋಳನ್ನು ಹಿಡಿದು ತಿರುಗಿಸಿ, ಮೊಣಕೈ ಒಳಗಡೆಯ ಹಳೆಯ ಸೂಜಿ ಗುರುತುಗಳನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಪಟ್ಟಿ ಈಗೂ ಬರ್ತೈತೇನು?"

"ಇಲ್ಲ ಸರ್. ಔಷಧ ತಗೋತೀನಿ. ಈಗ ಖಾಲಿ ಇರ್ತೈತಿ."

ಸರ್ ಅವರ ಕಣ್ಣು ತುಂಬಿಕೊಂಡವು. ಹೆಂಡತಿಯ ಆಪರೇಷನ್ ದಿನವೂ ಅಳದ ಮನುಷ್ಯ. ಅವಳ ತೋಳು ಹಿಡಿದುಕೊಂಡೇ ತಲೆ ತಗ್ಗಿಸಿ ನಿಂತರು, ಎರಡು ಹನಿ ಶಾಲಿನ ಮೇಲೆ ಬಿದ್ದವು. ಅದು ಅವಳಿಗಾಗಿ ಅತ್ತದ್ದಲ್ಲ ಎಂದು ಆ ಸಭಾಂಗಣದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಹಿಂದೆ ಕ್ಯಾಮೆರಾ ಕ್ಲಿಕ್ ಎಂದಿತು.

ಸಂಚಿಕೆಯ ಮುಖಪುಟದಲ್ಲಿರುವುದು ಅದೇ ಫೋಟೊ. ಕೆಳಗೆ ಇಂಗ್ಲಿಷಿನಲ್ಲಿ, ಶಿಷ್ಯೆಯೊಬ್ಬಳನ್ನು ಕಂಡು ಭಾವುಕರಾದ ಗುರುಗಳು ಎಂದು ಬರೆದಿದ್ದಾರೆ. ಶಿಷ್ಯೆಯ ಹೆಸರು ಹಾಕಿಲ್ಲ.